ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಾ? ಬಿಡುವ ದಿನದಿಂದ ಶುರು ಮಾಡಿ

ಹನ್ನೆರಡು ವರ್ಷದಲ್ಲಿ ಬೆಂಗಳೂರಲ್ಲಿ ಐದು ಬಾಡಿಗೆ ಮನೆ ಬದಲಿಸಿದ್ದೇನೆ. ಮೊದಲನೆಯದು ವಿಜಯನಗರದಲ್ಲಿ. ಗಾಳಿ ಬೆಳಕು ಚೆನ್ನಾಗಿತ್ತು, ಓನರ್ ಆಂಟಿ ಯುಗಾದಿಗೆ ಒಬ್ಬಟ್ಟು ಕಳಿಸುತ್ತಿದ್ದರು, ಎರಡು ವರ್ಷದಲ್ಲಿ ಒಂದು ಮಾತು ಬರಲಿಲ್ಲ. ಬಿಡುವ ದಿನ ಮಾತ್ರ ಕೈಗೆ ಒಂದು ಚೀಟಿ ಬಂತು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ಸಿಂಕ್‌ಗೆ ಇಷ್ಟು, ನಾವು ಸೇರುವ ಮೊದಲೇ ಊದಿಕೊಂಡಿದ್ದ ಬಾತ್‌ರೂಮ್ ಬಾಗಿಲಿಗೆ ಇಷ್ಟು. ಉಳಿದ ಅಡ್ವಾನ್ಸ್? "ಹೊಸಬರು ಬಂದ ಮೇಲೆ ಕೊಡ್ತೀವಪ್ಪ." ಹೊಸಬರು ಬರಲು ಎರಡೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ಮುಂದಿನ ಮನೆಗೆ ಅಡ್ವಾನ್ಸ್ ಕೊಡಲು ನಾನು ಭಾವನ ಹತ್ತಿರ ಸಾಲ ಮಾಡಿಯಾಗಿತ್ತು.

ಆಮೇಲಿಂದ ನಾನು ಮನೆ ಹುಡುಕುವುದೇ ತಲೆಕೆಳಗಾಗಿ. ಸೇರುವುದು ಹೇಗೆ ಅಂತಲ್ಲ, ಇಲ್ಲಿಂದ ದುಡ್ಡು ಕಳೆದುಕೊಳ್ಳದೆ ಹೊರಗೆ ಬರುವುದು ಹೇಗೆ ಅಂತ ಮೊದಲು ನೋಡುತ್ತೇನೆ. ಕೆಳಗೆ ಬರೆದಿರುವುದೆಲ್ಲ ಆ ಲೆಕ್ಕದಲ್ಲೇ.

1. ಮೊದಲು ದುಡ್ಡು

ಒಂದು ಡಬಲ್ ಬೆಡ್‌ರೂಮ್ ಮನೆಗೆ ತಿಂಗಳಿಗೆ 20,000 ಅಂದುಕೊಳ್ಳಿ. ಬೆಂಗಳೂರಲ್ಲಿ ಹಿಂದೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ರೂಢಿಯಾಗಿತ್ತು. ಈಗಲೂ ಕೇಳುವವರಿದ್ದಾರೆ, ಆದರೆ ಐದಾರು ತಿಂಗಳಿಗೆ ಒಪ್ಪುವವರೂ ಸಿಗುತ್ತಾರೆ. ಐದು ತಿಂಗಳು ಅಂದರೆ 1,00,000. ಮೊದಲ ತಿಂಗಳ ಬಾಡಿಗೆ 20,000. ಬ್ರೋಕರ್ ಮೂಲಕ ಹೋದರೆ ಅವರಿಗೆ ಒಂದು ತಿಂಗಳ ಬಾಡಿಗೆ, ಅದು ಇನ್ನೊಂದು 20,000. ಇದರ ಮೇಲೆ ಸಾಮಾನು ಸಾಗಿಸುವ ಗಾಡಿ, ಅಗ್ರಿಮೆಂಟ್ ಖರ್ಚು, ಅಪಾರ್ಟ್‌ಮೆಂಟ್ ಆದರೆ ಎಷ್ಟೋ ಕಡೆ ಅಸೋಸಿಯೇಷನ್‌ನವರ ಮೂವ್-ಇನ್ ಚಾರ್ಜ್. ಕೈಯಲ್ಲಿ ಒಂದೂವರೆ ಲಕ್ಷ ಇಲ್ಲದೆ 20,000 ಬಾಡಿಗೆಯ ಮನೆ ನೋಡಲು ಹೋದರೆ ಸುಮ್ನೆ ಕಾಲು ನೋವು.

ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. ಬ್ರೋಕರ್‌ಗೆ ಕೊಟ್ಟ 20,000, ಬಿಡುವಾಗ ಪೇಂಟಿಂಗ್‌ಗೆ ಹಿಡಿಯುವ 20,000, ಒಟ್ಟು 40,000 ವಾಪಸ್ ಬರದ ದುಡ್ಡು. ಹನ್ನೊಂದು ತಿಂಗಳಿಗೆ ಮನೆ ಬಿಟ್ಟರೆ ಇದು ತಿಂಗಳಿಗೆ 3,600ಕ್ಕೂ ಜಾಸ್ತಿ ಬೀಳುತ್ತದೆ. ಅಂದರೆ ನಿಮ್ಮ ನಿಜವಾದ ಬಾಡಿಗೆ 23,600. ಅದೇ ಮೂರು ವರ್ಷ ಇದ್ದರೆ ತಿಂಗಳಿಗೆ 1,100 ಅಷ್ಟೇ. 2,000 ಕಮ್ಮಿ ಅಂತ ಇಷ್ಟವಿಲ್ಲದ ಮನೆಗೆ ಹೋಗಿ ವರ್ಷದೊಳಗೆ ಬಿಡುವುದಕ್ಕಿಂತ, ಸ್ವಲ್ಪ ಜಾಸ್ತಿ ಕೊಟ್ಟು ಮೂರು ವರ್ಷ ನೆಮ್ಮದಿಯಾಗಿರುವ ಮನೆಯೇ ಅಗ್ಗ.

2. ಏರಿಯಾ

ಭಾನುವಾರ ಬೆಳಗ್ಗೆ ಮ್ಯಾಪ್ ತೆಗೆದು "ಆಫೀಸಿಗೆ 25 ನಿಮಿಷ" ಅಂತ ಖುಷಿಪಡಬೇಡಿ. ಒಂದು ಕೆಲಸದ ದಿನ ಬೆಳಗ್ಗೆ ಒಂಬತ್ತಕ್ಕೆ ಆ ಮನೆಯಿಂದ ಆಫೀಸಿಗೆ ನಿಜವಾಗಿ ಹೋಗಿ ನೋಡಿ. ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಹೆಬ್ಬಾಳ ಈ ಮೂರು ಟ್ರಾಫಿಕ್ ಜಾಮ್ ಜಂಕ್ಷನ್‌ಗಳಲ್ಲಿ ಒಂದನ್ನು ದಿನಾ ದಾಟಬೇಕು ಅಂದರೆ ಎರಡು ಸಲ ಯೋಚಿಸಿ.

ಮೆಟ್ರೊ ಹತ್ತಿರ ಇದ್ದರೆ ಲೆಕ್ಕವೇ ಬೇರೆ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಇರುವವರು ಈಗ ಜಯನಗರ, ಬನಶಂಕರಿ ಕಡೆ ಮನೆ ನೋಡಬಹುದು, ಆರ್.ವಿ. ರಸ್ತೆಯಲ್ಲಿ ಇಳಿದು ಬದಲಿಸಿದರೆ ಆಯಿತು. ವೈಟ್‌ಫೀಲ್ಡ್‌ನವರು ಕೆಂಗೇರಿ, ವಿಜಯನಗರದಲ್ಲಿದ್ದರೂ ಒಂದೇ ರೈಲು. ದೂರ ಹೌದು, ಆದರೆ ಎಷ್ಟು ಹೊತ್ತಿಗೆ ತಲುಪುತ್ತೀರಿ ಅಂತ ಮೊದಲೇ ಗೊತ್ತಿರುತ್ತದೆ. ಜಾಹೀರಾತಿನಲ್ಲಿ "ಮೆಟ್ರೊಗೆ ಐದು ನಿಮಿಷ" ಅಂತ ಇದ್ದರೆ ನೀವೇ ನಡೆದು ನೋಡಿ. ಅದು ಯಾರೋ ಬೈಕಲ್ಲಿ ಹೋದ ಐದು ನಿಮಿಷ.

3. ಎಲ್ಲಿ ಹುಡುಕುವುದು

ನೋಬ್ರೋಕರ್, ಮ್ಯಾಜಿಕ್‌ಬ್ರಿಕ್ಸ್, ಹೌಸಿಂಗ್ ಇವೆಲ್ಲ ಎಲ್ಲರಿಗೂ ಗೊತ್ತು. ಅಪಾರ್ಟ್‌ಮೆಂಟ್ ಬೇಕಿದ್ದರೆ, ಔಟರ್ ರಿಂಗ್ ರೋಡ್ ಕಡೆ ಬೇಕಿದ್ದರೆ ಅವು ಸಾಕು. ಆದರೆ ಬಸವನಗುಡಿ, ಮಲ್ಲೇಶ್ವರ, ರಾಜಾಜಿನಗರದಂಥ ಹಳೆ ಏರಿಯಾಗಳಲ್ಲಿ ಒಳ್ಳೆಯ ಎಷ್ಟೋ ಮನೆಗಳು ಆ್ಯಪ್‌ಗೆ ಬರುವುದೇ ಇಲ್ಲ. ಓನರ್ ಗೇಟಿಗೆ ಒಂದು ಟು-ಲೆಟ್ ಬೋರ್ಡ್ ನೇತುಹಾಕುತ್ತಾರೆ, ಸಂಜೆಯೊಳಗೆ ಮನೆ ಹೋಗಿರುತ್ತದೆ. ಶನಿವಾರ ಬೆಳಗ್ಗೆ ಬೈಕ್ ತೆಗೆದುಕೊಂಡು ಕ್ರಾಸ್ ಕ್ರಾಸ್ ಸುತ್ತಿ. ಇಸ್ತ್ರಿ ಅಂಗಡಿಯವರು, ಕಿರಾಣಿ ಅಂಗಡಿಯವರು, ಹಾಲು ಹಾಕುವವರು, ಇವರಿಗೆ ಗೊತ್ತಿಲ್ಲದೆ ಬೀದಿಯಲ್ಲಿ ಯಾವ ಮನೆಯೂ ಖಾಲಿಯಾಗುವುದಿಲ್ಲ. "ಅಣ್ಣ, ಇಲ್ಲಿ ಯಾವ್ದಾದ್ರೂ ಮನೆ ಖಾಲಿ ಇದ್ಯಾ?" ಅಂತ ಕೇಳಿದರೆ ಓನರ್ ಸ್ವಭಾವ ಎಂಥದ್ದು ಅನ್ನುವುದನ್ನೂ ಸೇರಿಸಿ ಹೇಳುತ್ತಾರೆ. ಅದು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಇನ್ನೊಂದು ಕಿವಿಮಾತು: ಆಷಾಢದಲ್ಲಿ ಹುಡುಕಿ. ಆಷಾಢ, ಧನುರ್ಮಾಸದಲ್ಲಿ ಜನ ಮನೆ ಬದಲಿಸುವುದಿಲ್ಲ, ಹಾಗಾಗಿ ಖಾಲಿ ಬಿದ್ದ ಮನೆಯ ಓನರ್‌ಗೆ ಒಂದು ತಿಂಗಳ ಬಾಡಿಗೆ ಹೋಗುತ್ತದಲ್ಲ ಅನ್ನುವ ಚಿಂತೆ. ನನ್ನ ನಾಲ್ಕನೇ ಮನೆಗೆ 1,500 ಕಮ್ಮಿ ಆಗಿದ್ದು ಆಷಾಢದಲ್ಲೇ. ಮನೆಯಲ್ಲಿ ಹಿರಿಯರು ಒಪ್ಪದಿದ್ದರೆ ಆಷಾಢದಲ್ಲಿ ಮಾತು ಮುಗಿಸಿ, ಶ್ರಾವಣ ಹುಟ್ಟಿದ ಮೇಲೆ ಹಾಲು ಉಕ್ಕಿಸಿ.

ಮೋಸದ ಬಗ್ಗೆ ಎರಡು ಮಾತು. ಮನೆ ಫೋಟೊ ಅರಮನೆಯಂತಿದೆ, ಬಾಡಿಗೆ ಅಕ್ಕಪಕ್ಕದ ಅರ್ಧ, ಓನರ್ "ನಾನು ಮಿಲಿಟರಿಯಲ್ಲಿದ್ದೇನೆ, ಪೋಸ್ಟಿಂಗ್ ಬೇರೆ ಕಡೆ, ಮನೆ ನೋಡಲು ಗೇಟ್ ಪಾಸ್ ದುಡ್ಡು ಹಾಕಿ, ವಾಪಸ್ ಬರುತ್ತದೆ" ಅಂದರೆ ಫೋನ್ ಇಡಿ. ದುಡ್ಡು ವಾಪಸ್ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದರೂ ಅಷ್ಟೇ. ದುಡ್ಡು ಪಡೆಯಲು ಯಾವತ್ತೂ ಪಿನ್ ಬೇಡ.

4. ಫೋನಲ್ಲೇ ಮುಗಿಸಬೇಕಾದ ಪ್ರಶ್ನೆಗಳು

ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಹೋಗಿ "ನಾವು ಬ್ಯಾಚುಲರ್ಸ್‌ಗೆ ಕೊಡಲ್ಲ" ಅಂತ ಕೇಳಿಸಿಕೊಳ್ಳುವ ಕರ್ಮ ಯಾಕೆ? ಫ್ಯಾಮಿಲಿಯೋ ಬ್ಯಾಚುಲರ್ಸೋ, ಮಾಂಸದ ಅಡುಗೆಗೆ ತಕರಾರು ಇದೆಯಾ, ನಾಯಿ ಬೆಕ್ಕು ಇದ್ದರೆ ಒಪ್ಪುತ್ತಾರಾ, ಕಾರ್ ಪಾರ್ಕಿಂಗ್ ಒಳಗೋ ರಸ್ತೆಯಲ್ಲೋ, ಮೆಂಟೆನೆನ್ಸ್ ಬಾಡಿಗೆಯಲ್ಲಿ ಸೇರಿದೆಯಾ ಇಲ್ಲವಾ, ಎಲ್ಲ ಮೊದಲೇ ಕೇಳಿ. ಇದೆಲ್ಲ ಕೆಲವರಿಗೆ ಬೇಸರ ತರುವ ಪ್ರಶ್ನೆಗಳು, ನನಗೂ ಹೌದು. ಆದರೂ ಅಡುಗೆಮನೆ ಬಗ್ಗೆ ಸುಳ್ಳು ಹೇಳಿ ಸೇರಬೇಡಿ. ದಿನಾ ಕಿಟಕಿ ಮುಚ್ಚಿ ಮೀನು ಹುರಿಯುವ ಬಾಳು ಬೇಡ.

ಕೊನೆಗೆ ಒಂದು ಪ್ರಶ್ನೆ: "ಬಿಡುವಾಗ ಎಷ್ಟು ಹಿಡ್ಕೊಳ್ತೀರಾ ಸಾರ್?" ನೇರ ಉತ್ತರ ಕೊಟ್ಟರೆ ಒಳ್ಳೆಯ ಓನರ್. "ಅದೆಲ್ಲ ಆಮೇಲೆ ನೋಡೋಣ" ಅಂದರೆ ಆಮೇಲೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ.

5. ಮನೆ ನೋಡುವಾಗ ಮೊದಲು ನೀರು

ಒಳಗೆ ಹೋದ ತಕ್ಷಣ ಮಾಡ್ಯುಲರ್ ಕಿಚನ್ ನೋಡಿ ಮರುಳಾಗಬೇಡಿ. ನಲ್ಲಿ ತಿರುಗಿಸಿ. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರಬೇಕು. ಎಷ್ಟೋ ಬಡಾವಣೆಗಳಿಗೆ ಬಿಡುವುದೇ ದಿನ ಬಿಟ್ಟು ದಿನ. ಮಿಕ್ಕಿದ್ದು ಬೋರ್‌ವೆಲ್, ಅದೂ ಇಲ್ಲದಿದ್ದರೆ ಟ್ಯಾಂಕರ್. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲೂ ಜನ ಬಕೆಟ್ ಲೆಕ್ಕದಲ್ಲಿ ಬದುಕಿದ್ದು ನೆನಪಿದೆ ಅಲ್ವಾ? ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ಹೊರವಲಯದ 110 ಹಳ್ಳಿಗಳಿಗೆ ಅಂತ. ಆದರೆ ರಸ್ತೆಗೆ ಪೈಪ್ ಬಂದರೆ ಸಾಲದು, ನಿಮ್ಮ ಕಟ್ಟಡದವರು ಕನೆಕ್ಷನ್ ತೆಗೆದುಕೊಂಡಿರಬೇಕು. "ಕಾವೇರಿ ಇದೆ" ಅಂದರೆ "ಯಾವ ಯಾವ ದಿನ ಬರುತ್ತೆ, ಎಷ್ಟು ಗಂಟೆ ಬರುತ್ತೆ, ಎಲ್ಲ ನಲ್ಲಿಗೋ ಬರೀ ಅಡುಗೆಮನೆಗೋ?" ಅಂತ ಕೇಳಿ. ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗೆ ಒಂದು ಸಂಪು, ಮೋಟರ್ ಯಾರು ಹಾಕುತ್ತಾರೆ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು, ಇದೂ ಬೇಕು.

ಈ ಪ್ರಶ್ನೆಗಳನ್ನು ಓನರ್‌ಗಿಂತ ಮೊದಲು ಪಕ್ಕದ ಮನೆಯವರಿಗೆ ಅಥವಾ ಸೆಕ್ಯುರಿಟಿ ಅಣ್ಣನಿಗೆ ಕೇಳಿ. "ಏಪ್ರಿಲ್‌ನಲ್ಲಿ ಟ್ಯಾಂಕರ್ ಎಷ್ಟು ಸಲ ಬರುತ್ತೆ?" ಅನ್ನುವ ಒಂದು ಪ್ರಶ್ನೆ ಸಾಕು. ಬೋರ್ ನೀರಿನ ಗುಣ ನೋಡಲು ಬಾತ್‌ರೂಮಿನ ಶವರ್, ನಲ್ಲಿಯ ಬಾಯಿ ನೋಡಿ. ಬಿಳಿ ಸುಣ್ಣದಂತೆ ಗಟ್ಟಿ ಕಟ್ಟಿದ್ದರೆ ಗಡಸು ನೀರು. ನಿಮ್ಮ ಗೀಸರ್, ವಾಷಿಂಗ್ ಮೆಷಿನ್ ಎರಡಕ್ಕೂ ಅದೇ ಗತಿ.

ನೀರು ಬರದಿರುವುದು ಒಂದು ಕಷ್ಟ, ಕರೆಯದೆ ಬರುವುದು ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ದುಬಾರಿ ವಿಲ್ಲಾಗಳಿಂದ ಜನರನ್ನು ಬೋಟ್, ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಿದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕಡೆ ಅದೇ ಕಥೆ, 2025ರ ಮೇನಲ್ಲಿ ಹೊರಮಾವಿನ ಸಾಯಿ ಲೇಔಟ್. ಕೆರೆ ಅಂಗಳ, ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಪಕ್ಕ, ರಸ್ತೆಗಿಂತ ತಗ್ಗಿನಲ್ಲಿರುವ ಗ್ರೌಂಡ್ ಫ್ಲೋರ್ ಇವಕ್ಕೆ ಹೋಗುವ ಮುಂಚೆ ಕಾಂಪೌಂಡ್ ಗೋಡೆ ನೋಡಿ. ನೀರು ನಿಂತ ಗೆರೆ ಪೇಂಟ್ ಹೊಡೆದರೂ ಪೂರ್ತಿ ಹೋಗುವುದಿಲ್ಲ. ಬೇಸ್‌ಮೆಂಟ್ ಪಾರ್ಕಿಂಗ್ ಇದ್ದರೆ ಅಲ್ಲಿಗೂ ಇಳಿದು ನೋಡಿ.

ಇನ್ನು ಕರೆಂಟ್. ನಿಮ್ಮ ಮನೆಗೆ ಪ್ರತ್ಯೇಕ ಬೆಸ್ಕಾಂ ಮೀಟರ್ ಇರಲೇಬೇಕು. ಕೆಲವು ಕಡೆ ಎರಡು ಮೂರು ಮನೆಗೆ ಒಂದೇ ಮೀಟರ್ ಇಟ್ಟು, ಸಬ್ ಮೀಟರ್ ಹಾಕಿ ಯೂನಿಟ್‌ಗೆ ಇಷ್ಟು ಅಂತ ಓನರ್ ವಸೂಲಿ ಮಾಡುತ್ತಾರೆ. ಹಾಗಾದರೆ ಗೃಹಜ್ಯೋತಿ, ಅಂದರೆ ರಾಜ್ಯ ಸರ್ಕಾರದ ಉಚಿತ ಕರೆಂಟ್, ನಿಮ್ಮ ಕೈಗೆ ಸಿಗುವುದಿಲ್ಲ. ಆ ಯೋಜನೆ ಬಾಡಿಗೆದಾರರಿಗೂ ಇದೆ, ಆದರೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮೂರು ಮನೆ ಸೇರಿದ ಮೀಟರ್ ದಾಟದೆ ಇರುತ್ತದಾ?

ಮಿಕ್ಕಿದ್ದು ಬೇಗ ಹೇಳುತ್ತೇನೆ. 30x40 ಸೈಟಿನಲ್ಲಿ ನಾಲ್ಕು ಅಂತಸ್ತು ಎಬ್ಬಿಸಿದ ಕಟ್ಟಡದಲ್ಲಿ ಪಕ್ಕದ ಕಿಟಕಿ ತೆಗೆದರೆ ಇನ್ನೊಬ್ಬರ ಗೋಡೆ, ಹಾಗಾಗಿ ಮಧ್ಯಾಹ್ನ ಲೈಟ್ ಆರಿಸಿ ನೋಡಿ. ಟಾಪ್ ಫ್ಲೋರ್‌ಗೆ ಸೋಲಾರ್ ಬಿಸಿನೀರು ಬೇಗ ಬರುತ್ತದೆ, ಮಾರ್ಚ್‌ನಲ್ಲಿ ಸೂರು ಕಾದ ಹಂಚಾಗುತ್ತದೆ. ಪ್ರತಿ ರೂಮಿನಲ್ಲಿ ನಿಂತು ಮೊಬೈಲ್ ಸಿಗ್ನಲ್ ನೋಡಿ. ಮೂಲೆಗಳಲ್ಲಿ, ವಾರ್ಡ್‌ರೋಬ್ ಒಳಗೆ ತೇವದ ವಾಸನೆ ಇದೆಯಾ ನೋಡಿ. ಬೀದಿಯಲ್ಲಿ ಕಲ್ಯಾಣ ಮಂಟಪ ಇದ್ದರೆ ಲಗ್ನದ ತಿಂಗಳು ನಿದ್ದೆ ಇಲ್ಲ. ಮತ್ತೆ ರಾತ್ರಿ ಒಮ್ಮೆ ಹೋಗಿ, ಬೀದಿ ದೀಪ ಇದೆಯಾ, ನಾಯಿಗಳ ಗುಂಪು ಎಷ್ಟು, ಪಾರ್ಕಿಂಗ್ ಜಗಳ ನಡೆಯುತ್ತದಾ ಅಂತ.

6. ಟೋಕನ್ ಕೊಡುವ ಮುಂಚೆ

ಮನೆ ಇಷ್ಟವಾಯಿತು. "ಇನ್ನಿಬ್ಬರು ಸಂಜೆ ಬರ್ತಿದ್ದಾರೆ, ಈಗ್ಲೇ ಟೋಕನ್ ಹಾಕಿ" ಅನ್ನುತ್ತಾರೆ. ನಿಜವೂ ಇರಬಹುದು. ಆದರೂ ಹತ್ತು ನಿಮಿಷ ತೆಗೆದುಕೊಳ್ಳಿ. ಆಸ್ತಿ ತೆರಿಗೆ ರಸೀದಿ ಮತ್ತು ಬೆಸ್ಕಾಂ ಬಿಲ್ ಕೇಳಿ, ಹೆಸರು ಓನರ್ ಆಧಾರ್‌ನಲ್ಲಿರುವ ಹೆಸರಿಗೆ ಹೊಂದುತ್ತದಾ ನೋಡಿ. ಬಿಲ್ ಎಷ್ಟೋ ಸಲ ತಂದೆ ಹೆಸರಲ್ಲೋ ಹಳೆ ಓನರ್ ಹೆಸರಲ್ಲೋ ಇರುತ್ತದೆ, ಅದು ತಪ್ಪಲ್ಲ. ತೆರಿಗೆ ರಸೀದಿ ಮಾತ್ರ ಹೊಂದಬೇಕು. ದುಡ್ಡು ಕೊಡುವುದು ಬ್ಯಾಂಕ್ ಖಾತೆಗೆ, ಅದೂ ಅಗ್ರಿಮೆಂಟ್‌ನಲ್ಲಿ ಇರುವ ವ್ಯಕ್ತಿಯ ಖಾತೆಗೆ. ಬ್ರೋಕರ್ ಖಾತೆಗೆ ಅಡ್ವಾನ್ಸ್ ಹಾಕಬೇಡಿ. ಟೋಕನ್ ಹಾಕಿದ ಕೂಡಲೇ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್: "ಸಾರ್, ಇಷ್ಟು ಟೋಕನ್ ಕೊಟ್ಟಿದ್ದೇನೆ, ಇದು ಅಡ್ವಾನ್ಸ್‌ನಲ್ಲಿ ವಜಾ ಆಗಬೇಕು, ಇಂಥ ದಿನದಿಂದ ಬಾಡಿಗೆ ಶುರು." ಅವರು "ಓಕೆ" ಅಂತ ಬರೆಯಲಿ.

ಚೌಕಾಸಿ ಮಾಡುವವರು ಬಾಡಿಗೆಗೇ ಅಂಟಿಕೊಳ್ಳುತ್ತಾರೆ. ನಾನು ಬಾಡಿಗೆಯಲ್ಲಿ 500 ಬಿಟ್ಟುಕೊಟ್ಟು, ಅಡ್ವಾನ್ಸ್ ಒಂದು ತಿಂಗಳು ಕಮ್ಮಿ ಮಾಡಿಸುತ್ತೇನೆ, ಪೇಂಟಿಂಗ್ ಅರ್ಧ ಮಾಡಿಸುತ್ತೇನೆ. ಸಿಕ್ಕಿಹಾಕಿಕೊಳ್ಳುವ ದುಡ್ಡು ಅಲ್ಲಿರುವುದು.

ಭೋಗ್ಯದ ಬಗ್ಗೆ ಕೇಳುವವರಿದ್ದಾರೆ. ಹತ್ತು, ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಪೂರ್ತಿ ವಾಪಸ್. ಕೇಳಲು ಚೆನ್ನಾಗಿದೆ. ಆದರೆ ಓನರ್ ಆ ಮನೆ ಮೇಲೆ ಬ್ಯಾಂಕ್ ಸಾಲ ಮಾಡಿ ಕಂತು ನಿಲ್ಲಿಸಿದರೆ ಬ್ಯಾಂಕಿನವರು ನೋಟಿಸ್ ಅಂಟಿಸುವುದು ನೀವು ವಾಸವಿರುವ ಬಾಗಿಲಿಗೆ. ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ ಆನ್‌ಲೈನ್‌ನಲ್ಲಿ ಇ.ಸಿ. (ಆಸ್ತಿಯ ಋಣಭಾರ ಪತ್ರ) ತೆಗೆಸಿ ನೋಡದೆ, ಕರಾರನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸದೆ ಭೋಗ್ಯಕ್ಕೆ ಹೋಗಬೇಡಿ. ಮಧ್ಯದಲ್ಲಿ ಯಾರೋ ಏಜೆಂಟ್ ನಿಮ್ಮಿಂದ ಭೋಗ್ಯದ ದುಡ್ಡು ಪಡೆದು ಓನರ್‌ಗೆ ತಿಂಗಳ ಬಾಡಿಗೆ ಕಟ್ಟುತ್ತೇನೆ ಅಂದರೆ ಖಂಡಿತ ಬೇಡ. ಅವನು ಕಟ್ಟುವುದು ನಿಲ್ಲಿಸಿದ ತಿಂಗಳು ಓನರ್ ನಿಮ್ಮ ಬಾಗಿಲಿಗೆ ಬರುತ್ತಾರೆ.

7. ಅಗ್ರಿಮೆಂಟ್ ಓದಿ, ನಿಜವಾಗಿ ಓದಿ

ಎಲ್ಲರೂ ಹನ್ನೊಂದು ತಿಂಗಳಿಗೆ ಯಾಕೆ ಬರೆಸುತ್ತಾರೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ದಾಟಿದ ಕರಾರು ನೋಂದಣಿ ಆಗಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು. ಇ-ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ ಇಬ್ಬರೂ ಸಹಿ, ಇಬ್ಬರು ಸಾಕ್ಷಿ.

ಕಾನೂನು ನನ್ನನ್ನು ಕಾಪಾಡುತ್ತದೆ ಅಂದುಕೊಂಡು ಸುಮ್ಮನಿರಬೇಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ. 3,500ಕ್ಕೆ ಈಗ ಕಾರ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ! ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತ ಕೇಂದ್ರ ಸರ್ಕಾರ 2021ರಲ್ಲಿ ಕೊಟ್ಟಿದ್ದು ಮಾದರಿ ಕಾಯ್ದೆ ಅಷ್ಟೇ, ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಅದಕ್ಕೆ ಬೆಲೆ. ಹಾಗಾಗಿ ನಿಮ್ಮ ಕೈಯಲ್ಲಿರುವ ಗಟ್ಟಿ ಆಧಾರ ಅಗ್ರಿಮೆಂಟಿನ ಆ ನಾಲ್ಕು ಪುಟ.

ಅದರಲ್ಲಿ ಇರಬೇಕಾದದ್ದು: ಅಡ್ವಾನ್ಸ್ ಎಷ್ಟು, ಯಾವ ದಿನ ಹೇಗೆ ಕೊಟ್ಟಿದ್ದು. ಬಿಡಲು ಎಷ್ಟು ತಿಂಗಳು ಮೊದಲು ಹೇಳಬೇಕು, ಮತ್ತು ಅದು ಇಬ್ಬರಿಗೂ ಒಂದೇ ಇದೆಯಾ. ಎಷ್ಟೋ ಕಡೆ ನಮಗೆ ಎರಡು ತಿಂಗಳು, ಓನರ್‌ಗೆ ಒಂದೇ ತಿಂಗಳು ಅಂತ ಬರೆದಿರುತ್ತಾರೆ. ಮೊದಲ ಆರು ತಿಂಗಳು ಬಿಡುವ ಹಾಗಿಲ್ಲ ಅನ್ನುವ ಲಾಕ್-ಇನ್ ಇದೆಯಾ. ಹನ್ನೊಂದು ತಿಂಗಳ ಮೇಲೆ ಬಾಡಿಗೆ ಎಷ್ಟು ಏರುತ್ತದೆ, 5 ಪರ್ಸೆಂಟೋ 10 ಪರ್ಸೆಂಟೋ. ಪೇಂಟಿಂಗ್‌ಗೆ ಎಷ್ಟು. ಮೋಟರ್, ಗೀಸರ್, ಪೈಪ್ ಕೆಟ್ಟರೆ ಯಾರ ಖರ್ಚು.

ಎಲ್ಲಕ್ಕಿಂತ ಮುಖ್ಯ ಒಂದು ವಾಕ್ಯ, ನಾನೇ ಟೈಪ್ ಮಾಡುವವರ ಪಕ್ಕ ನಿಂತು ಸೇರಿಸುತ್ತೇನೆ: "ಬಾಡಿಗೆದಾರರು ಮನೆ ಖಾಲಿ ಮಾಡಿ ಕೀ ಒಪ್ಪಿಸುವ ದಿನವೇ ಬಾಕಿ ಅಡ್ವಾನ್ಸ್ ಹಿಂದಿರುಗಿಸತಕ್ಕದ್ದು." ಇದಕ್ಕೆ ಒಪ್ಪದ ಓನರ್‌ನ ಮನೆಗೆ ನಾನು ಹೋಗಿಲ್ಲ. ಒಬ್ಬರು "ಒಂದು ವಾರ ಟೈಮ್ ಕೊಡಿ" ಅಂದರು, ಹಾಗೇ ಬರೆದೆವು. ಅದು ನ್ಯಾಯ.

ಪ್ಯಾನ್ ನಂಬರ್ ಕೂಡ ಈಗಲೇ ಬರೆಸಿಕೊಳ್ಳಿ. ಹಳೆ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ತೋರಿಸುವವರಿಗೆ ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಓನರ್ ಪ್ಯಾನ್ ಬೇಕು. ಬಾಡಿಗೆ ತಿಂಗಳಿಗೆ 50,000 ದಾಟಿದರೆ ನೀವೇ ಬಾಡಿಗೆಯಲ್ಲಿ 2 ಪರ್ಸೆಂಟ್ ಟಿಡಿಎಸ್ (ಮೊದಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು.

8. ಹಾಲು ಉಕ್ಕಿಸುವ ಮುಂಚೆ ವಿಡಿಯೊ

ಒಂದು ಸಾಮಾನೂ ಒಳಗೆ ಬರುವ ಮುಂಚೆ ಖಾಲಿ ಮನೆಯ ವಿಡಿಯೊ ಮಾಡಿ. ಪ್ರತಿ ಬಾಗಿಲು, ಟೈಲ್ಸ್ ಬಿರುಕು, ಸಿಂಕ್, ಸ್ವಿಚ್, ಗೋಡೆಯ ಮೊಳೆ ತೂತು. ಫ್ಯಾನ್, ಗೀಸರ್ ಹಾಕಿ ತೋರಿಸಿ. ಮೀಟರ್ ರೀಡಿಂಗ್ ಫೋಟೊ. ಎಲ್ಲವನ್ನೂ ಅವತ್ತೇ ಓನರ್‌ಗೆ ವಾಟ್ಸಾಪ್ ಮಾಡಿ, "ಸಾರ್, ಬಾತ್‌ರೂಮ್ ಬಾಗಿಲು ಕೆಳಗೆ ಊದಿದೆ, ನೋಡಿಕೊಳ್ಳಿ" ಅಂತ ಮರ್ಯಾದೆಯಿಂದ ಬರೆದು. ನನ್ನ ಮೊದಲ ಮನೆಯಲ್ಲಿ ಇದೊಂದು ಮಾಡಿದ್ದರೆ ಬಾಗಿಲಿನ ದುಡ್ಡು ಉಳಿಯುತ್ತಿತ್ತು.

ಆಮೇಲೆ ಸಣ್ಣಪುಟ್ಟ ಕೆಲಸಗಳು. ಗೃಹಜ್ಯೋತಿಗೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್‌ನಲ್ಲಿ ನಿಮ್ಮ ಆಧಾರ್ ಜೋಡಿಸಿ. ಹಿಂದಿದ್ದವರು ತಮ್ಮದನ್ನು ತೆಗೆಸಿಲ್ಲ ಅಂದರೆ ನಿಮ್ಮದು ಸೇರುವುದಿಲ್ಲ, ಓನರ್ ಕೈಲಿ ಅವರಿಗೆ ಫೋನ್ ಮಾಡಿಸಿ. ಮುಖ್ಯ ಬಾಗಿಲಿನ ಬೀಗ ಬದಲಿಸಿ. ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಪಕ್ಕದವರನ್ನು ಕೇಳಿ, ಹಸಿ ಕಸ ಒಣ ಕಸ ಬೇರೆ ಮಾಡದಿದ್ದರೆ ಗಾಡಿಯವರು ಎಲ್ಲರ ಎದುರೇ ಬೈಯುತ್ತಾರೆ.

9. ಬಿಡುವಾಗ

ನೋಟಿಸ್ ಬಾಯಲ್ಲಿ ಹೇಳಬೇಡಿ, ಮೆಸೇಜಲ್ಲಿ ಬರೆಯಿರಿ. ಎಷ್ಟೋ ಜನ ಕೊನೆಯ ಎರಡು ತಿಂಗಳು ಬಾಡಿಗೆ ಕಟ್ಟದೆ "ಅಡ್ವಾನ್ಸಲ್ಲಿ ವಜಾ ಮಾಡ್ಕೊಳ್ಳಿ" ಅನ್ನುತ್ತಾರೆ. ಓನರ್ ಒಪ್ಪಿದರೆ ಇಬ್ಬರಿಗೂ ಅನುಕೂಲ, ಒಪ್ಪದೆ ಹಾಗೆ ಮಾಡಿದರೆ ಜಗಳಕ್ಕೆ ನೀವೇ ಕಾರಣ ಕೊಟ್ಟ ಹಾಗೆ. ಹೊಸ ಬಾಡಿಗೆದಾರರಿಗೆ ಮನೆ ತೋರಿಸಲು ಖುಷಿಯಿಂದ ಬಾಗಿಲು ತೆಗೆಯಿರಿ. ಅವರು ಬೇಗ ಸಿಕ್ಕರೆ ನಿಮ್ಮ ದುಡ್ಡೂ ಬೇಗ.

ಸಾಮಾನು ಗಾಡಿಗೆ ಏರಿದ ಮೇಲೆ, ಮನೆ ಗುಡಿಸಿ, ಸೇರುವಾಗ ಮಾಡಿದಂಥದ್ದೇ ಇನ್ನೊಂದು ವಿಡಿಯೊ. ಓನರ್ ಜೊತೆ ರೂಮ್ ರೂಮ್ ಸುತ್ತಿ. ಕರೆಂಟ್, ನೀರಿನ ಕೊನೆಯ ಬಿಲ್ ಅಲ್ಲೇ ಲೆಕ್ಕ ಮಾಡಿ. ಗೃಹಜ್ಯೋತಿಯಿಂದ ನಿಮ್ಮ ಆಧಾರ್ ತೆಗೆಸಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ಜೋಡಿಸಲು ಆಗುವುದಿಲ್ಲ. ಕೀ ಗೊಂಚಲು ಜೇಬಲ್ಲೇ ಇರಲಿ. ಓನರ್ ತಮ್ಮ ಮೊಬೈಲಿಂದ ಬಾಕಿ ಅಡ್ವಾನ್ಸ್ ನಿಮಗೆ ಹಾಕಿ, ನಿಮ್ಮ ಫೋನಿಗೆ ಬ್ಯಾಂಕ್ ಮೆಸೇಜ್ ಬಂದ ಮೇಲೆ ಕೀ ಅವರ ಕೈಗೆ ಕೊಟ್ಟು, ಗಾಡಿಯವನಿಗೆ ಹೊರಡು ಅನ್ನಿ.